ಪ್ರೆಸ್ ಬಟನ್ ಹಿಡಿಯುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಪ್ರೆಸ್ ಬಟನ್ ಕೆಟ್ಟಿದೆ ಎಂದು ಮೂಲೆಗೆ ಎಸೆದ ಬಟ್ಟೆಯನ್ನು ಎತ್ತಿಕೊಂಡು ನೋಡಿದರೆ ಬಟನ್ ನಿಜವಾಗಿ ಕೆಟ್ಟಿರುವುದು ಅಪರೂಪ. ಬಟ್ಟೆ ತೆಳುವಾಗಿ ಬಟನ್‌ನ ಕಾಲು (ಬಟ್ಟೆಯನ್ನು ದಾಟುವ ಕೊಳವೆ) ಉದ್ದವಾಗಿರುತ್ತದೆ, ಇಲ್ಲವೇ ಬಟ್ಟೆ ದಪ್ಪವಾಗಿ ಕಾಲು ಗಿಡ್ಡವಾಗಿರುತ್ತದೆ. ಅದೂ ಅಲ್ಲವಾದರೆ ಒಂದು ಪೊಟ್ಟಣದ ಗಂಡು (ಉಬ್ಬಿರುವ) ಬಿಲ್ಲೆಗೆ ಇನ್ನೊಂದು ಪೊಟ್ಟಣದ ಹೆಣ್ಣು (ಗುಳಿಯಿರುವ) ಬಿಲ್ಲೆ ಜೊತೆಯಾಗಿರುತ್ತದೆ. ಇವನ್ನು ಪತ್ತೆ ಮಾಡಲು ಕಾಸಿನ ಖರ್ಚಿಲ್ಲ. ಕಣ್ಣು, ಬೆರಳು, ಒಂದು ಅಳತೆಪಟ್ಟಿ ಸಾಕು. ಆದರೂ ಹೆಚ್ಚಿನವರು ಮೊದಲು ಹುಡುಕುವುದು ಸುತ್ತಿಗೆಯನ್ನು. ಈ ಬರಹದಲ್ಲಿ ಸುತ್ತಿಗೆ ತಡವಾಗಿ ಬರುತ್ತದೆ.

ಮೊದಲು, ಕೈಯಲ್ಲಿರುವುದು ಯಾವ ಬಗೆಯದು?

ಬಗೆ ತಿಳಿಯದೆ ಮುಂದೆ ಹೋಗಬೇಡಿ. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದನ್ನು ಹಾಳು ಮಾಡುತ್ತದೆ.

ಹೊಲಿಯುವ ಪ್ರೆಸ್ ಬಟನ್ ಎಲ್ಲರಿಗೂ ಗೊತ್ತು. ಟಿಚ್ ಬಟನ್ ಎಂದು ಕೇಳಿದರೂ ಹಲವು ಅಂಗಡಿಗಳಲ್ಲಿ ಕೊಡುತ್ತಾರೆ. ಅಂಚಿನಲ್ಲಿ ತೂತುಗಳಿರುವ ಎರಡು ಬಿಲ್ಲೆಗಳು, ಒಂದಕ್ಕೆ ನಡುವೆ ಉಬ್ಬು, ಇನ್ನೊಂದಕ್ಕೆ ಗುಳಿ. ರವಿಕೆಯ ಹುಕ್ಕುಗಳ ನಡುವೆ ಎದೆಯ ಬಳಿ ಬಾಯಿ ಬಿಡುವ ಜಾಗಕ್ಕೆ, ಚೂಡಿದಾರದ ಭುಜದ ಒಳಪಟ್ಟಿಗೆ ಹಾಕುವುದು ಇದನ್ನೇ. ಇದರ ಅಳತೆಯಲ್ಲಿ ಸೊನ್ನೆಗಳು ಹೆಚ್ಚಾದಷ್ಟೂ ಬಟನ್ ಚಿಕ್ಕದು. ಒಂದು, ಎರಡು, ಮೂರು ಎಂದು ಏರಿದಷ್ಟೂ ದೊಡ್ಡದು.

ಎರಡನೆಯದು ಕಾಲಿನ ಬಟನ್. ಜರ್ಕಿನ್, ರೇನ್‌ಕೋಟ್, ಚರ್ಮದ ಪರ್ಸ್, ಕೈಚೀಲಗಳ ಮೇಲಿರುವುದು. ಒಂದು ಜೋಡಿಗೆ ನಾಲ್ಕು ತುಂಡು: ಹೊರಗೆ ಕಾಣುವ, ಹಿಂದೆ ತನ್ನದೇ ಕಾಲಿರುವ ಕ್ಯಾಪ್, ಅದರ ಹಿಂದೆ ಕೂರುವ ಹೆಣ್ಣು ಬಿಲ್ಲೆ, ಎದುರು ಬದಿಗೆ ಗಂಡು ಬಿಲ್ಲೆ, ಅದನ್ನು ಹಿಂದಿನಿಂದ ಹಿಡಿಯುವ ಕಾಲು. ಬಟ್ಟೆಯಲ್ಲಿ ತೂತು ಮಾಡಿ ಕಾಲನ್ನು ದಾಟಿಸಿ, ಡೈ (ಬಟನ್ ಕೂರಿಸುವ ಅಚ್ಚು) ಇಟ್ಟು ಅದರ ತುದಿಯನ್ನು ಅರಳಿಸಬೇಕು. ಹೆಣ್ಣು ಬಿಲ್ಲೆಯ ಒಳಗೆ ಸಣ್ಣ ತಂತಿಯ ಸ್ಪ್ರಿಂಗ್ ಅಥವಾ ಒಂದು ಬಳೆ ಇರುತ್ತದೆ. ಹಿಡಿತವೆಲ್ಲ ಅದರದ್ದೇ. 1885ರಲ್ಲಿ ಜರ್ಮನಿಯ ಹೆರಿಬರ್ಟ್ ಬಾವರ್ ಪ್ರೆಸ್ ಬಟನ್‌ಗೆ ಪೇಟೆಂಟ್ ಪಡೆದ. 1903ರಲ್ಲಿ ಹಾನ್ಸ್ ಪ್ರಿಮ್ ಅದಕ್ಕೆ ಎಸ್ ಆಕಾರದ ತಂತಿ ಸ್ಪ್ರಿಂಗ್ ಕೂಡಿಸಿದ. ಇಂದಿಗೂ ನಮ್ಮ ಜರ್ಕಿನ್ ಬಟನ್‌ನೊಳಗೆ ಇಣುಕಿದರೆ ಕಾಣುವುದು ಆ ತಂತಿಯ ಸಂತತಿಯೇ.

ಮೂರನೆಯದು ಹಲ್ಲಿನ ಬಟನ್. ಕಾಲಿನ ಬದಲು ಒಂದು ಉಂಗುರ, ಅದರಿಂದ ಎದ್ದು ನಿಂತ ಚೂಪು ಹಲ್ಲುಗಳು. ಇದಕ್ಕೆ ತೂತು ಬೇಕಿಲ್ಲ, ಹಲ್ಲು ಬಟ್ಟೆಯನ್ನು ತಾನೇ ಚುಚ್ಚಿಕೊಂಡು ಹೋಗಿ ಎದುರಿನ ಬಿಲ್ಲೆಯೊಳಗೆ ಸುರುಳಿಯಾಗುತ್ತದೆ. ಮಗುವಿನ ಜಬಲಾ, ಬನಿಯನ್ ಬಟ್ಟೆಯ ಉಡುಪುಗಳಿಗೆ ಸರಿಯಾದದ್ದು ಇದು. ನಾಲ್ಕನೆಯದು ಪ್ಲಾಸ್ಟಿಕ್ ಬಟನ್. ಬಟ್ಟೆಯ ಡೈಪರ್ ಹೊಲಿಯುವವರು ಬಣ್ಣ ಬಣ್ಣದ್ದನ್ನು ಡಬ್ಬಿಗಟ್ಟಲೆ ಇಟ್ಟುಕೊಂಡಿರುತ್ತಾರೆ. ಇದನ್ನು ಇಕ್ಕಳದಿಂದ ಒತ್ತಬೇಕು, ಸುತ್ತಿಗೆಯಿಂದ ಹೊಡೆದರೆ ಒಡೆಯುತ್ತದೆ.

ಮುಚ್ಚಿದರೂ ನಿಲ್ಲುವುದಿಲ್ಲ

ಒತ್ತಿದಾಗ ಟಕ್ ಎಂಬ ಸದ್ದು ಬರುವುದಿಲ್ಲ, ಅಥವಾ ಸದ್ದು ಬಂದರೂ ಸ್ವಲ್ಪ ಎಳೆದೊಡನೆ ಬಿಚ್ಚಿಕೊಳ್ಳುತ್ತದೆ.

ಹೆಣ್ಣು ಬಿಲ್ಲೆಯ ಗುಳಿಯೊಳಗೆ ನೋಡಿ. ಮೊಬೈಲ್ ಟಾರ್ಚ್ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಮಕ್ಕಳ ಬಟ್ಟೆಯಲ್ಲಿ ಟಾಲ್ಕಂ ಪೌಡರ್, ಎಣ್ಣೆ ಮತ್ತು ಬಟ್ಟೆಯ ನಾರು ಸೇರಿ ಗಟ್ಟಿಯಾದ ಮುದ್ದೆ ಅಲ್ಲಿ ಕುಳಿತಿರುತ್ತದೆ. ಒಗೆಯುವ ಪುಡಿಯೂ ಸರಿಯಾಗಿ ಕರಗದೆ ಸೇರಿಕೊಳ್ಳುತ್ತದೆ. ಹಲ್ಲುಕಡ್ಡಿಯಿಂದ ಕೆರೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಿಸಿನೀರಿನಲ್ಲಿ ಉಜ್ಜಿ ಒಣಗಿಸಿ. ಇಷ್ಟಕ್ಕೇ ಸರಿಹೋಗುವ ಬಟನ್‌ಗಳು ಕಡಿಮೆಯೇನಲ್ಲ.

ಸರಿಹೋಗದಿದ್ದರೆ ಯಾವ ಅರ್ಧದಲ್ಲಿ ದೋಷವಿದೆ ಎಂದು ಬೇರ್ಪಡಿಸಬೇಕು. ಅದೇ ಬಟ್ಟೆಯಲ್ಲಿ ಚೆನ್ನಾಗಿ ಹಿಡಿಯುವ ಇನ್ನೊಂದು ಜೋಡಿ ಇದ್ದರೆ ಅದೃಷ್ಟ. ಕೆಟ್ಟ ಜೋಡಿಯ ಗಂಡನ್ನು ಒಳ್ಳೆಯ ಜೋಡಿಯ ಹೆಣ್ಣಿಗೆ ಒತ್ತಿ ನೋಡಿ, ಬಳಿಕ ಕೆಟ್ಟ ಹೆಣ್ಣಿಗೆ ಒಳ್ಳೆಯ ಗಂಡನ್ನು ಒತ್ತಿ. ಎಲ್ಲಿ ಹಿಡಿತ ತಪ್ಪುತ್ತದೆಯೋ ಆ ಬಿಲ್ಲೆಯನ್ನು ಮಾತ್ರ ಬದಲಿಸಿದರೆ ಸಾಕು. ಎರಡೂ ಅರ್ಧಗಳು ಒಳ್ಳೆಯದರೊಡನೆ ಸರಿಯಾಗಿ ಹಿಡಿದು ತಮ್ಮತಮ್ಮಲ್ಲಿ ಮಾತ್ರ ಹಿಡಿಯದಿದ್ದರೆ ಅಳತೆಯ ಅಂಚಿನಲ್ಲಿರುವ ಎರಡು ಬಿಲ್ಲೆಗಳು ಎದುರುಬದುರಾಗಿವೆ ಎಂದರ್ಥ. ಯಾವುದರೊಡನೆಯೂ ಎರಡೂ ಹಿಡಿಯದಿದ್ದರೆ ಬೇರೆ ತಯಾರಕರ ಬಿಲ್ಲೆಗಳು ಬೆರೆತಿರುವ ಸಾಧ್ಯತೆಯೇ ಹೆಚ್ಚು. ಕಣ್ಣಿಗೆ ಒಂದೇ ಅಳತೆ ಎನಿಸಿದರೂ ಉಬ್ಬಿನ ಎತ್ತರದಲ್ಲಿ ಕೂದಲೆಳೆಯ ವ್ಯತ್ಯಾಸ ಸಾಕು, ಹಿಡಿತ ಹೋಗುತ್ತದೆ. ಬಟನ್‌ಗಳನ್ನು ಬಿಡಿಯಾಗಿ ತೂಕದ ಮೇಲೆ ಕೊಳ್ಳುವವರಿಗೆ ಈ ಕಾಟ ಹೆಚ್ಚು. ಕೊಳ್ಳುವಾಗ ಅಂಗಡಿಯಲ್ಲೇ ನಾಲ್ಕಾರು ಜೋಡಿ ಒತ್ತಿ ನೋಡಲು ಸಂಕೋಚಪಡಬೇಡಿ.

ಅಳತೆಯ ಬಗ್ಗೆ ಒಂದು ಮಾತು. ಬಟನ್ ವ್ಯಾಪಾರದಲ್ಲಿ ಲೈನ್ ಎಂಬ ಅಳತೆ ಇದೆ: ಒಂದು ಅಂಗುಲಕ್ಕೆ 40 ಲೈನ್. ಹಾಗಾಗಿ 24 ಲೈನ್ ಎಂದರೆ ಸುಮಾರು 15 ಮಿಲಿಮೀಟರ್, 20 ಲೈನ್ ಎಂದರೆ 12.7 ಮಿಲಿಮೀಟರ್. ಪ್ಲಾಸ್ಟಿಕ್ ಬಟನ್‌ನಲ್ಲಿ ಟಿ5 ಎಂದು ಬರೆದಿದ್ದರೆ ಅದು ಸುಮಾರು 12 ಮಿಲಿಮೀಟರಿನದು. ಪೊಟ್ಟಣದ ಮೇಲಿನ ಈ ಗುರುತನ್ನು ಕತ್ತರಿಸಿ ಎಸೆಯದೆ ಡಬ್ಬಿಯಲ್ಲೇ ಹಾಕಿಡಿ.

ಇನ್ನು ಬಗೆಯ ಪ್ರಕಾರ ನೋಡೋಣ. ಹೊಲಿಯುವ ಬಟನ್‌ನ ಗಂಡು ಬಿಲ್ಲೆಯ ಉಬ್ಬು ಸವೆದಿದ್ದರೆ, ಅದನ್ನು ಗಟ್ಟಿ ಕಲ್ಲಿನ ಮೇಲಿಟ್ಟು ತಲೆಯ ಮೇಲೆ ಬಹಳ ಮೆತ್ತಗೆ ಒಂದು ಪೆಟ್ಟು ಕೊಟ್ಟರೆ ಉಬ್ಬು ತುಸು ಅಗಲವಾಗಿ ಮತ್ತೆ ಹಿಡಿಯುತ್ತದೆ. ಇದು ತಾತ್ಕಾಲಿಕ ಉಪಾಯ. ಮದುವೆಮನೆಗೆ ಹೊರಟ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ, ವರ್ಷಗಟ್ಟಲೆ ಬಾಳುವುದಿಲ್ಲ. ಕಾಲಿನ ಬಟನ್‌ನಲ್ಲಿ ಹೆಣ್ಣು ಬಿಲ್ಲೆಯ ತಂತಿ ಒಂದು ಬದಿಗೆ ಸರಿದಿದ್ದರೆ ಸೂಜಿಯ ಮೊನೆಯಿಂದ ತಳ್ಳಿ ಜಾಗಕ್ಕೆ ತರಬಹುದು. ತಂತಿ ಮುರಿದಿದ್ದರೆ ದುರಸ್ತಿಯ ಮಾತೇ ಇಲ್ಲ, ಬಿಲ್ಲೆ ಬದಲಿಸಬೇಕು.

ಪ್ಲಾಸ್ಟಿಕ್ ಬಟನ್‌ನ ಗುಳಿಯೊಳಗೆ ಕ್ಯಾಪ್‌ನಿಂದ ಬಂದ ಮುಳ್ಳು ಹೇಗೆ ಕುಳಿತಿದೆ ನೋಡಿ. ಸರಿಯಾಗಿ ಒತ್ತಿದ್ದರೆ ಅದು ನಡುಮಧ್ಯದಲ್ಲಿ ಅಗಲವಾದ ಚಪ್ಪಟೆ ಗುಂಡಾಗಿರುತ್ತದೆ. ಎತ್ತರವಾಗಿ ಉಳಿದಿದ್ದರೆ ಒತ್ತಡ ಸಾಲದೆಂದು ಅರ್ಥ, ಅದೇ ಅಡ್ಡ ಬಂದು ಗಂಡನ್ನು ಒಳಗೆ ಬಿಡುವುದಿಲ್ಲ. ಇಕ್ಕಳದಿಂದ ಮತ್ತೊಮ್ಮೆ ಒತ್ತಿದರೆ ಸರಿಹೋಗುತ್ತದೆ. ಓರೆಯಾಗಿ ಬಿದ್ದಿದ್ದರೆ ಮತ್ತೆ ಒತ್ತುವುದು ವ್ಯರ್ಥ, ತೆಗೆದು ಹೊಸದನ್ನು ಹಾಕಿ. ಇಕ್ಕಳದ ಡೈ ಬಟನ್‌ನ ಅಳತೆಯದ್ದೇ ಎಂದು ನೋಡಿಕೊಳ್ಳಿ. ದೊಡ್ಡ ಡೈಯಲ್ಲಿ ಚಿಕ್ಕ ಕ್ಯಾಪ್ ಅಲುಗಾಡಿ ಮುಳ್ಳು ಓರೆಯಾಗುತ್ತದೆ.

ಕ್ಯಾಪ್ ಬೆರಳಿಗೆ ಗಿರಗಿರ ತಿರುಗುತ್ತದೆ

ಇದು ಮುನ್ಸೂಚನೆ. ಇಂದು ತಿರುಗುವ ಬಟನ್ ಮುಂದೊಂದು ದಿನ ಬಟ್ಟೆಯಿಂದ ಜಾರಿ ಬೀಳುತ್ತದೆ. ಅದಕ್ಕೇ ಪ್ರತಿ ಬಟನ್ ಹಾಕಿದ ಮೇಲೂ ಕ್ಯಾಪನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡುವ ಅಭ್ಯಾಸ ಒಳ್ಳೆಯದು. ಸರಿಯಾಗಿ ಕುಳಿತದ್ದು ಬಟ್ಟೆಯನ್ನೂ ತನ್ನೊಡನೆ ತಿರುಚುತ್ತದೆ, ತಾನೊಂದೇ ತಿರುಗುವುದಿಲ್ಲ.

ತಿರುಗಿದರೆ ಮೊದಲು ಇನ್ನೊಂದು ಸಲ ಒತ್ತಿ ಅಥವಾ ಹೊಡೆಯಿರಿ. ಆಗಲೂ ತಿರುಗಿದರೆ ಕೈಬಲವನ್ನು ದೂರಬೇಡಿ, ದಪ್ಪವನ್ನು ಅಳೆಯಿರಿ. ಬಟನ್ ಕೂರುವ ಜಾಗದಲ್ಲಿ ಎಷ್ಟು ಪದರವಿದೆಯೋ ಅಷ್ಟನ್ನೂ ಬೆರಳಲ್ಲಿ ಬಿಗಿಯಾಗಿ ಅದುಮಿ, ಅದರೊಳಗೆ ಕಾಲನ್ನು ದಾಟಿಸಿ. ಬಟ್ಟೆಯ ಮೇಲೆ ಎರಡರಿಂದ ಮೂರು ಮಿಲಿಮೀಟರಿನಷ್ಟು ಕಾಲು ಕಾಣಬೇಕು. ಹೆಚ್ಚು ಕಂಡರೆ ಕಾಲು ಬಟ್ಟೆಯನ್ನು ಬಿಗಿಯುವ ಮೊದಲೇ ನಡುವಿನಲ್ಲಿ ಕುಸಿಯುತ್ತದೆ, ಬಿಲ್ಲೆಗಳ ನಡುವೆ ಸಂದು ಉಳಿಯುತ್ತದೆ, ಬಟನ್ ತಿರುಗುತ್ತದೆ. ಕಡಿಮೆ ಕಂಡರೆ ಅರಳಲು ಲೋಹವೇ ಸಾಲದು. ಆಗ ನೋಡಲು ಗಟ್ಟಿಯಾಗಿ ಕಂಡರೂ ಮೊದಲ ಎಳೆತಕ್ಕೇ ಬಿಟ್ಟುಕೊಳ್ಳುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗಿಬಿಡುತ್ತದೆ.

ಬಟ್ಟೆ ತೆಳುವಾದರೆ ಪರಿಹಾರ ಸುಲಭ. ಒಳಗೆ ಕ್ಯಾನ್ವಾಸ್ ಅಥವಾ ಅದೇ ಬಟ್ಟೆಯ ಇನ್ನೊಂದು ಪದರ ಕೊಡಿ. ಹೊಲಿದು ಮುಗಿದ ಉಡುಪಾದರೆ ಹಳೆಯ ಜೀನ್ಸ್‌ನಿಂದ ರೂಪಾಯಿ ನಾಣ್ಯದಷ್ಟಗಲದ ಬಿಲ್ಲೆ ಕತ್ತರಿಸಿ ಒಳಬದಿಯಲ್ಲಿ ಕಾಲಿಗೆ ಪೋಣಿಸಿ, ಅದರ ಮೇಲೆ ಬಟನ್ ಕೂರಿಸಿ. ಚೀಲಗಳಿಗೆ ಚರ್ಮದ ಚೂರು ಚೆನ್ನ. ಬಟ್ಟೆ ದಪ್ಪವಾದರೆ ಉದ್ದ ಕಾಲಿನ ಬಟನ್ ತರಬೇಕು, ಅಥವಾ ಆ ಜಾಗದ ಒಳಮಡಿಕೆಯನ್ನು ಕತ್ತರಿಸಿ ಪದರ ಕಡಿಮೆ ಮಾಡಬೇಕು. ಹೊಲಿಗೆಗಳು ಒಂದರ ಮೇಲೊಂದು ಕೂಡುವ ದಪ್ಪ ಗಂಟಿನ ಮೇಲೆ ಬಟನ್ ಹೊಡೆಯುವವರಿದ್ದಾರೆ. ಅರ್ಧ ಬಿಲ್ಲೆ ಗಂಟಿನ ಮೇಲೆ, ಅರ್ಧ ಬಯಲಲ್ಲಿ. ಅದು ಯಾವ ಕಾಲಕ್ಕೂ ಬಿಗಿಯಾಗುವುದಿಲ್ಲ. ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದರೆ ಯಾರೂ ಗುರುತಿಸುವುದಿಲ್ಲ.

ಹೊಡೆದರೆ ಕಾಲು ಓರೆಯಾಗುತ್ತದೆ, ಕ್ಯಾಪ್ ಚಪ್ಪಟೆಯಾಗುತ್ತದೆ

ದಪ್ಪ ಸರಿಯಿದ್ದೂ ಹೀಗಾದರೆ ದೋಷ ಸಲಕರಣೆಯಲ್ಲಿ ಅಥವಾ ಅದನ್ನು ಇಟ್ಟ ನೆಲದಲ್ಲಿದೆ.

ನೆಲವನ್ನೇ ಮೊದಲು ನೋಡೋಣ. ಊಟದ ಮೇಜು, ಮಂಚದ ಅಂಚು, ಪ್ಲೈವುಡ್ ಹಲಗೆ ಇವೆಲ್ಲ ಪೆಟ್ಟಿಗೆ ಪುಟಿಯುತ್ತವೆ. ಪೆಟ್ಟಿನ ಬಲ ಕಾಲಿಗೆ ತಲುಪುವುದಿಲ್ಲ, ಆಗ ಇನ್ನೂ ಜೋರಾಗಿ ಹೊಡೆಯುತ್ತೇವೆ, ಓರೆಯಾಗುತ್ತದೆ. ಟೈಲ್ಸ್ ನೆಲವಾದರೆ ಟೈಲ್ಸೇ ಸೀಳುತ್ತದೆ. ಅಂಗಳದ ಕಲ್ಲುಚಪ್ಪಡಿ, ದಪ್ಪ ಗ್ರಾನೈಟ್ ತುಂಡು, ಕಬ್ಬಿಣದ ದಿಮ್ಮಿ ಸೂಕ್ತ. ಅಪಾರ್ಟ್‌ಮೆಂಟಿನಲ್ಲಿರುವವರು ಈ ಕೆಲಸವನ್ನು ಹಗಲಲ್ಲಿ ಇಟ್ಟುಕೊಂಡರೆ ಕೆಳಮನೆಯವರೊಡನೆ ಸಂಬಂಧ ಉಳಿಯುತ್ತದೆ.

ನಂತರ ಡೈ. ಅಡಿಯ ಡೈಗೆ ಸಾಮಾನ್ಯವಾಗಿ ಒಂದು ಬದಿ ತಗ್ಗು, ಇನ್ನೊಂದು ಬದಿ ಸಪಾಟು. ಕ್ಯಾಪ್ ತಗ್ಗಿನಲ್ಲಿ ಮುಖ ಕೆಳಗಾಗಿ ಕೂರಬೇಕು. ಸಪಾಟು ಬದಿಯ ಮೇಲಿಟ್ಟರೆ ಅದರ ಉಬ್ಬಿದ ಮುಖ ಚಪ್ಪಟೆಯಾಗದೆ ಇನ್ನೇನಾದೀತು? ಗಂಡು ಬಿಲ್ಲೆಯ ಹಿಂದಿನ ಕಾಲಿಗೆ ಮಾತ್ರ ಸಪಾಟು ಬದಿ. ಮೇಲಿನಿಂದ ಹೊಡೆಯುವ ಸಲಾಕೆಗಳೂ ಎರಡು ಬಗೆ: ಗಂಡು ಬಿಲ್ಲೆಗೆ ತುದಿಯಲ್ಲಿ ಗುಳಿಯಿರುವುದು, ಹೆಣ್ಣು ಬಿಲ್ಲೆಯೊಳಗೆ ಇಳಿದು ಕಾಲನ್ನು ಅರಳಿಸಲು ತುದಿ ಕಿರಿದಾಗಿರುವುದು. ಇವು ಅದಲುಬದಲಾದರೆ ಗಂಡಿನ ಉಬ್ಬು ಜಜ್ಜಿಹೋಗಿ ಮೊದಲ ಲಕ್ಷಣಕ್ಕೆ ಮರಳುತ್ತೀರಿ.

ಮೂರನೆಯದು ತೂತು. ತೂತು ಕಾಲಿನಷ್ಟೇ ಅಗಲವಿರಬೇಕು, ಇನ್ನೂ ಕೂದಲೆಳೆಯಷ್ಟು ಕಿರಿದಾದರೆ ಉತ್ತಮ. ನೇಯ್ದ ಬಟ್ಟೆಯಲ್ಲಿ ಕತ್ತರಿಯ ತುದಿಯಿಂದ ಕತ್ತರಿಸುವುದಕ್ಕಿಂತ ದಬ್ಬಣದಿಂದ ಎಳೆಗಳನ್ನು ಸರಿಸಿ ದಾರಿ ಮಾಡುವುದು ಮೇಲು. ಎಳೆ ತುಂಡಾಗದೆ ಕಾಲಿನ ಸುತ್ತ ಬಿಗಿಯಾಗುತ್ತದೆ. ಚರ್ಮ, ರೆಕ್ಸಿನ್‌ಗಳಿಗೆ ಪಂಚ್ ಬೇಕೇ ಬೇಕು.

ಇಷ್ಟಾದ ಮೇಲೆ ಸುತ್ತಿಗೆ. ಸಲಾಕೆಯನ್ನು ನೆಟ್ಟಗೆ ಹಿಡಿದು ಒಂದೇ ಭೀಮಪೆಟ್ಟಿನ ಬದಲು ಸಾಧಾರಣ ಬಲದ ಮೂರು ನಾಲ್ಕು ಪೆಟ್ಟು ಕೊಡಿ. ನಡುನಡುವೆ ಕ್ಯಾಪ್ ತಿರುಗಿಸಿ ನೋಡಿ, ತಿರುಗುವುದು ನಿಂತೊಡನೆ ನಿಲ್ಲಿಸಿ. ಕನ್ನಡಕ ಹಾಕಿಕೊಳ್ಳಿ. ಸರಿಯಾಗಿ ಕೂರದ ಬಿಲ್ಲೆ ಪೆಟ್ಟಿಗೆ ಚಿಮ್ಮಿ ನೇರ ಮುಖಕ್ಕೆ ಬರುತ್ತದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವ ಕೆಲಸ ಇದಲ್ಲ.

ಬಟನ್‌ಗಳ ಲೆಕ್ಕ ಹತ್ತಿಪ್ಪತ್ತಾದರೆ ಸುತ್ತಿಗೆ ಸಾಕು. ಅದಕ್ಕಿಂತ ಹೆಚ್ಚು ಹಾಕುವವರು ಕೈಯಿಂದ ಒತ್ತುವ ಹ್ಯಾಂಡ್ ಪ್ರೆಸ್ ಕೊಳ್ಳುವುದು ಒಳ್ಳೆಯದು. ಒತ್ತಡ ಪ್ರತಿ ಸಲವೂ ನೇರವಾಗಿ ಇಳಿಯುತ್ತದೆ. ಆದರೆ ಪ್ರೆಸ್ ಕೊಂಡು ಡೈ ಬೇರೆ ಕಡೆಯಿಂದ, ಬಟನ್ ಮತ್ತೊಂದು ಕಡೆಯಿಂದ ತಂದರೆ ಹಣ ದಂಡ. ಮೂರನ್ನೂ ಒಂದೇ ಅಂಗಡಿಯಲ್ಲಿ, ಅಲ್ಲೇ ಒಂದು ಬಟನ್ ಹಾಕಿಸಿ ನೋಡಿ ಕೊಳ್ಳಿ. ಬೆಂಗಳೂರಿನ ಚಿಕ್ಕಪೇಟೆ ಸುತ್ತಮುತ್ತ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಹೀಗೆ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ನಾಲ್ಕೇ ಬಟನ್ ಹಾಕಬೇಕಿದ್ದರೆ ಚೀಲ ದುರಸ್ತಿ ಮಾಡುವವರಲ್ಲಿಗೆ ಒಯ್ಯುವುದೇ ಸಲಕರಣೆ ಕೊಳ್ಳುವುದಕ್ಕಿಂತ ಅಗ್ಗ.

ಬಿಡಿಸಿದರೆ ಬಟ್ಟೆಯೊಡನೆ ಕಿತ್ತು ಬರುತ್ತದೆ

ಎರಡು ಕಾರಣಗಳು: ಬಟನ್‌ನ ಹಿಡಿತ ಬಟ್ಟೆಗಿಂತ ಬಲವಾಗಿದೆ, ಅಥವಾ ಬಟ್ಟೆಗೆ ಆಸರೆ ಇಲ್ಲ. ಬಹಳ ಸಲ ಎರಡೂ.

ಬಟನ್ ಬಿಗಿ ಎನಿಸಿದರೆ ಗಂಡಿನ ಉಬ್ಬಿನ ಸುತ್ತ ಮೇಣದಬತ್ತಿ ಉಜ್ಜಿ ಹತ್ತಾರು ಸಲ ಹಾಕಿ ತೆಗೆಯಿರಿ. ಹೊಸ ಬಟನ್ ಬಳಕೆಯಿಂದಲೂ ಸಡಿಲಗೊಳ್ಳುತ್ತದೆ. ಬಿಡಿಸುವ ರೀತಿಯನ್ನೂ ಗಮನಿಸಿ: ಬಟ್ಟೆಯ ಅಂಚು ಹಿಡಿದು ಜಗ್ಗುವ ಬದಲು ಬಟನ್‌ನ ಎರಡೂ ಬದಿಗೆ ಬೆರಳಿಟ್ಟು ಬಿಡಿಸಬೇಕು. ಮಕ್ಕಳು ಇದನ್ನು ಕೇಳುವುದಿಲ್ಲ, ಆದ್ದರಿಂದ ಅವರ ಬಟ್ಟೆಗೆ ಹಗುರ ಹಿಡಿತದ ಬಟನ್ ಆರಿಸಿ. ಜರ್ಕಿನ್‌ಗೆಂದು ಮಾಡಿದ 24 ಲೈನ್ ಬಟನ್ ಕಾಟನ್ ಕುರ್ತಾದ ಮೇಲೆ ಎಷ್ಟು ಚೆಂದ ಕಂಡರೂ ಒಂದು ದಿನ ಅದನ್ನು ಹರಿಯುತ್ತದೆ.

ಆಸರೆಯ ವಿಷಯಕ್ಕೆ ಬಂದರೆ, ಬಟನ್ ಪಟ್ಟಿಯೊಳಗೆ ಕ್ಯಾನ್ವಾಸ್ ಇಲ್ಲದೆ ಒಂಟಿ ಪದರಕ್ಕೆ ಯಾವ ಲೋಹದ ಬಟನ್ನನ್ನೂ ಹಾಕಬಾರದು. ಹಿಗ್ಗುವ ಬಟ್ಟೆಯಲ್ಲಿ ಇದು ಇನ್ನೂ ಮುಖ್ಯ. ಬನಿಯನ್ ಬಟ್ಟೆಯಲ್ಲಿ ತೂತು ಮಾಡಿದರೆ ಕುಣಿಕೆಗಳು ತುಂಡಾಗಿ ಏಣಿಯಂತೆ ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ಅದಕ್ಕೆ ಹಲ್ಲಿನ ಬಟನ್ನೇ ಸರಿ, ಅದರಲ್ಲೂ ಒಳಗೆ ಹಿಗ್ಗದ ಪಟ್ಟಿ ಕೊಟ್ಟ ಮೇಲೆ.

ಈಗಾಗಲೇ ಹರಿದಿದ್ದರೆ ಅದೇ ತೂತಿಗೆ ಮತ್ತೆ ಬಟನ್ ಹೊಡೆಯಬೇಡಿ. ಹಿಂದಿನಿಂದ ಇಸ್ತ್ರಿಗೆ ಅಂಟುವ ಕ್ಯಾನ್ವಾಸ್ ತುಂಡು ಅಂಟಿಸಿ, ಹರಿದ ಅಂಚನ್ನು ರಫೂ ಮಾಡಿ, ಮೇಲೆ ಚೌಕವಾಗಿ ಒಂದು ಬಟ್ಟೆ ತುಂಡು ಹೊಲಿದು ಅದರ ಮೇಲೆ ಹೊಸ ಬಟನ್. ರೇಷ್ಮೆ ರವಿಕೆ, ಚರ್ಮದ ಜಾಕೆಟ್ ಹರಿದಿದ್ದರೆ ಇಲ್ಲಿಗೇ ನಿಲ್ಲಿಸಿ, ಪಳಗಿದ ಕೈಗೆ ಕೊಡಿ. ಚರ್ಮದಲ್ಲಿ ತಪ್ಪಾಗಿ ಬಿದ್ದ ತೂತು ಮುಚ್ಚಿಕೊಳ್ಳುವುದಿಲ್ಲ.

ಹೊಲಿಯುವ ಬಟನ್ ಕಿತ್ತು ಬಂದಿದ್ದರೆ ಸಾಮಾನ್ಯವಾಗಿ ದಾರದ್ದೇ ದೋಷ. ಪ್ರತಿ ತೂತಿಗೂ ಮೂರು ನಾಲ್ಕು ಕಾಜಾ ಹೊಲಿಗೆ ಹಾಕಿ, ಒಂದು ತೂತಿನಿಂದ ಇನ್ನೊಂದಕ್ಕೆ ಹೋಗುವಾಗ ದಾರವನ್ನು ಬಿಲ್ಲೆಯ ಅಡಿಯಿಂದಲೇ ದಾಟಿಸಿ. ಬಿಲ್ಲೆಯ ಮೇಲೆ ಅಡ್ಡ ಹಾಯ್ದ ದಾರ ಮುಚ್ಚುವಾಗ ಸಿಕ್ಕಿಕೊಂಡು ಸವೆದು ಕಡಿಯುತ್ತದೆ, ಹಿಡಿತವನ್ನೂ ಕೆಡಿಸುತ್ತದೆ.

ಮುಚ್ಚಿದಾಗ ಪಟ್ಟಿ ಸೊಟ್ಟಗಾಗುತ್ತದೆ

ಬಟನ್ ಕೆಟ್ಟಿಲ್ಲ, ಗುರುತು ತಪ್ಪಿದೆ. ಒಂದು ಬದಿಯ ಗಂಡು ಬಿಲ್ಲೆಗಳನ್ನು ಮೊದಲು ಹಾಕಿ, ಉಬ್ಬಿನ ಮೇಲೆ ಟೈಲರ್ ಚಾಕ್ ಉಜ್ಜಿ, ಪಟ್ಟಿಗಳನ್ನು ಹಾಕಿಕೊಂಡಾಗ ಇರಬೇಕಾದಂತೆ ಜೋಡಿಸಿ ಅದುಮಿ. ಎದುರು ಬಟ್ಟೆಯಲ್ಲಿ ಬಿದ್ದ ಚುಕ್ಕಿಯೇ ಹೆಣ್ಣು ಬಿಲ್ಲೆಯ ಜಾಗ. ಎರಡೂ ಬದಿಗೆ ಟೇಪಿನಿಂದ ಅಳೆದು ಹಾಕುವುದಕ್ಕಿಂತ ಇದು ನಂಬಿಕಸ್ಥ.

ಯಾವುದು ಮೇಲೆ ಎಂಬ ಗೊಂದಲವೂ ಇದೆ. ಹೊಲಿಯುವ ಬಟನ್‌ನಲ್ಲಿ ಗಂಡು ಬಿಲ್ಲೆ ಮೇಲಿನ ಪಟ್ಟಿಯ ಒಳಮುಖಕ್ಕೆ, ಹೆಣ್ಣು ಕೆಳಪಟ್ಟಿಗೆ. ಕಾಲಿನ ಬಟನ್‌ನಲ್ಲಿ ಇದು ತಿರುಗಾಮುರುಗಾ: ಕ್ಯಾಪ್ ಹೊರಗೆ ಕಾಣಬೇಕಾದ್ದರಿಂದ ಅದರ ಜೊತೆಗಿರುವ ಹೆಣ್ಣು ಬಿಲ್ಲೆ ಮೇಲಿನ ಪಟ್ಟಿಗೆ ಹೋಗುತ್ತದೆ.

ಚುಚ್ಚುತ್ತದೆ, ಅಥವಾ ಮೈ ಕೆಂಪಾಗುತ್ತದೆ

ಚುಚ್ಚಿದರೆ ಹಲ್ಲಿನ ಬಟನ್ ಅರ್ಧ ಕೂತಿದೆ. ಹತ್ತಿಯ ಉಂಡೆಯನ್ನು ಬಟನ್‌ನ ಎರಡೂ ಮುಖದ ಮೇಲೆ ಸವರಿ. ನಾರು ಸಿಕ್ಕಿಕೊಂಡರೆ ಅಲ್ಲೊಂದು ಹಲ್ಲು ಹೊರಗಿದೆ. ಮತ್ತೆ ಒತ್ತಿ ನೋಡಬಹುದು, ಆದರೆ ಹಲ್ಲು ಬಿಲ್ಲೆಯ ಹೊರಗಡೆಗೇ ಬಾಗಿದ್ದರೆ ತೆಗೆದು ಎಸೆಯಿರಿ. ಮಗುವಿನ ಬಟ್ಟೆಯಲ್ಲಿ ‘ಇರಲಿ, ಒಗೆದರೆ ಸರಿಹೋಗುತ್ತದೆ’ ಎಂಬ ಮಾತು ಸಲ್ಲದು.

ಮಗುವಿನ ಬಟ್ಟೆಗೆ ಬಟನ್ ಹಾಕಿದ ಮೇಲೆ ಪ್ರತಿಯೊಂದನ್ನೂ ಎಳೆದು ಪರೀಕ್ಷಿಸಿ. ಆಟಿಕೆಗಳಿಗಾಗಿ ಇರುವ ಯುರೋಪಿನ ಇಎನ್ 71 ಮಾನದಂಡದಲ್ಲಿ 6 ಮಿಲಿಮೀಟರಿಗಿಂತ ದೊಡ್ಡ ಬಿಡಿಭಾಗವನ್ನು 90 ನ್ಯೂಟನ್ ಬಲದಿಂದ ಹತ್ತು ಸೆಕೆಂಡು ಎಳೆಯುತ್ತಾರೆ. ಅದು ಸುಮಾರು ಒಂಬತ್ತು ಕಿಲೋ ತೂಕ ನೇತುಹಾಕಿದಂತೆ. ಮನೆಯಲ್ಲಿ ಯಂತ್ರವಿರುವುದಿಲ್ಲ, ಆದರೆ ಕೈಯಿಂದ ಬಲವಾಗಿ ಜಗ್ಗಿದಾಗ ಅಲುಗುವ ಬಟನ್ ಮಗುವಿನ ಬಾಯಿಗೆ ಹೋಗುವಂಥದ್ದೇ. ಹಾಗೇನಾದರೂ ನುಂಗಿದ ಅನುಮಾನವಿದ್ದರೆ ವಾಂತಿ ಮಾಡಿಸಲು ಹೋಗದೆ ವೈದ್ಯರಲ್ಲಿಗೆ ಹೋಗಿ. ಉಸಿರು ಕಟ್ಟುವಂತಿದ್ದರೆ, ಅಥವಾ ಚೀಲದ ಆಯಸ್ಕಾಂತದ ಬಟನ್ ಹೊಟ್ಟೆಗೆ ಹೋಗಿದ್ದರೆ ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಎರಡು ಆಯಸ್ಕಾಂತಗಳು ಕರುಳಿನ ಗೋಡೆಯನ್ನು ನಡುವೆ ಹಿಡಿದು ತೂತು ಮಾಡಬಲ್ಲವು. ಪೇಸ್‌ಮೇಕರ್ ಇರುವವರು ಆಯಸ್ಕಾಂತದ ಬಟನ್‌ನ ಚೀಲವನ್ನು ಎದೆಯಿಂದ 15 ಸೆಂಟಿಮೀಟರ್ ದೂರವಾದರೂ ಇಟ್ಟುಕೊಳ್ಳಬೇಕು.

ಚುಚ್ಚದೆಯೇ ಬಟನ್ ತಾಗುವಲ್ಲಿ ಮಾತ್ರ ದುಂಡಗೆ ಕೆಂಪಾಗಿ ತುರಿಸಿದರೆ ನಿಕ್ಕಲ್ ಅಲರ್ಜಿ ಇರಬಹುದು. ಜೀನ್ಸ್ ಬಟನ್‌ನಿಂದ ಹೊಕ್ಕುಳ ಕೆಳಗೆ ತುರಿಕೆ ಏಳುವುದು ಇದೇ ಕಾರಣಕ್ಕೆ. ಬಟನ್‌ನ ಹಿಂದೆ ಬಟ್ಟೆಯ ತುಂಡು ಹೊಲಿಯಿರಿ, ಇಲ್ಲವೇ ಪ್ಲಾಸ್ಟಿಕ್ ಬಟನ್‌ಗೆ ಬದಲಿಸಿ. ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯುವ ಉಪಾಯ ಒಗೆತಕ್ಕೆ ಉಳಿಯುವುದಿಲ್ಲ. ಗುಳ್ಳೆ ಎದ್ದು ನೀರಾಡಿದರೆ ಚರ್ಮವೈದ್ಯರನ್ನು ಕಾಣಿ.

ಸುತ್ತ ಕಂದು ಅಥವಾ ಹಸಿರು ಕಲೆ

ಕಂದು ಕಲೆ ಉಕ್ಕಿನ ತುಕ್ಕು, ಹಸಿರು ಕಲೆ ಹಿತ್ತಾಳೆಯಲ್ಲಿರುವ ತಾಮ್ರದ ಕಿಲುಬು. ಕೊಳ್ಳುವಾಗಲೇ ತಿಳಿಯಬೇಕೆಂದರೆ ಆಯಸ್ಕಾಂತ ಹಿಡಿಯಿರಿ: ಗಟ್ಟಿಯಾಗಿ ಅಂಟಿಕೊಂಡರೆ ಒಳಗಿರುವುದು ಉಕ್ಕು, ಮೇಲಿನ ಹೊಳಪು ಬರೀ ಲೇಪ. ಹೆಣ್ಣು ಬಿಲ್ಲೆಯಲ್ಲಿ ಉಕ್ಕಿನ ತಂತಿ ಇರಬಹುದಾದ್ದರಿಂದ ಕ್ಯಾಪ್ ಮತ್ತು ಗಂಡು ಬಿಲ್ಲೆಗಳನ್ನೇ ಪರೀಕ್ಷಿಸಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಳೆಗಾಲದ ಬಟ್ಟೆಗೆ ಉಕ್ಕಿನ ಬಟನ್ ಹಾಕಲೇಬಾರದು. ಉಪ್ಪಿನ ಗಾಳಿಯಲ್ಲಿ ಲೇಪ ಬಿಟ್ಟ ಕೂಡಲೇ ತುಕ್ಕು ಬಟ್ಟೆಗೆ ಇಳಿಯುತ್ತದೆ. ಅಲ್ಲಿಗೆ ಹಿತ್ತಾಳೆ ಅಥವಾ ಪ್ಲಾಸ್ಟಿಕ್. ಬಿದ್ದ ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ತೊಳೆಯಬಹುದು, ಬಣ್ಣ ಬಿಡುವ ಬಟ್ಟೆಯಾದರೆ ಮೂಲೆಯಲ್ಲಿ ಪ್ರಯೋಗ ಮಾಡಿಕೊಳ್ಳಿ. ಕ್ಲೋರಿನ್ ಬ್ಲೀಚ್ ಹಾಕಬೇಡಿ, ತುಕ್ಕಿನ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ.

ಇಸ್ತ್ರಿ ಆದ ಮೇಲೆ ಹಿಡಿಯುತ್ತಿಲ್ಲ

ಪ್ಲಾಸ್ಟಿಕ್ ಬಟನ್‌ನ ದೂರು ಇದು. ಇಸ್ತ್ರಿಪೆಟ್ಟಿಗೆಯ ಮೂರು ಚುಕ್ಕಿಯ ಗುರುತು ಸುಮಾರು 200 ಡಿಗ್ರಿ ಸೆಲ್ಸಿಯಸ್. ಈ ಬಟನ್‌ಗಳಿಗೆ ಬಳಸುವ ಪಾಲಿಅಸಿಟಾಲ್ ಎಂಬ ಪ್ಲಾಸ್ಟಿಕ್ ಅದಕ್ಕಿಂತ ಕಡಿಮೆ ಶಾಖಕ್ಕೇ ಕರಗುತ್ತದೆ. ಕರಗಿ ಸೊಟ್ಟಗಾದ ಬಿಲ್ಲೆ ಸರಿಹೋಗುವುದಿಲ್ಲ, ಬದಲಿಸಿ. ಬಟನ್ ಸುತ್ತ ಬಳಸಿ ಇಸ್ತ್ರಿ ಮಾಡಿ. ಇಸ್ತ್ರಿ ಅಂಗಡಿಗೆ ಕೊಡುವಾಗ ಬಾಯಿಬಿಟ್ಟು ಹೇಳಿ, ಕೆಂಡದ ಪೆಟ್ಟಿಗೆಗೆ ಚುಕ್ಕಿಗಳಿರುವುದಿಲ್ಲ.

ಹಾಳಾದದ್ದನ್ನು ತೆಗೆಯುವುದು

ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಬಟ್ಟೆ ಹರಿಯುತ್ತದೆ, ಜಾರಿದರೆ ಅಂಗೈಗೆ ನಾಟುತ್ತದೆ. ತಂತಿ ಕತ್ತರಿಸುವ ಇಕ್ಕಳ ತೆಗೆದುಕೊಂಡು ಬಿಲ್ಲೆಯ ಅಂಚನ್ನು ಎರಡು ಎದುರು ಬದಿಗಳಿಂದ ಸ್ವಲ್ಪ ಸ್ವಲ್ಪವೇ ಅದುಮುತ್ತ ಬನ್ನಿ. ಲೋಹದ ಬಿಲ್ಲೆ ಮಡಚಿಕೊಂಡು ಕಾಲನ್ನು ಬಿಡುತ್ತದೆ. ಪ್ಲಾಸ್ಟಿಕ್ಕಾದರೆ ಕ್ಯಾಪ್‌ಗೆ ಕೈ ಹಾಕದೆ ಬಿಲ್ಲೆಯ ಅಂಚನ್ನು ಕತ್ತರಿಸಿ, ಬಳಿಕ ಅರಳಿದ ಮುಳ್ಳನ್ನು ಚಿವುಟಿ, ಕ್ಯಾಪನ್ನು ಹಿಂದಕ್ಕೆ ಎಳೆಯಿರಿ. ಕತ್ತರಿಸುವಾಗ ಇನ್ನೊಂದು ಕೈಯಿಂದ ಬಟನ್ ಮೇಲೆ ಬಟ್ಟೆ ಹೊದಿಸಿಕೊಂಡರೆ ಚೂರುಗಳು ಸಿಡಿಯುವುದಿಲ್ಲ, ಕನ್ನಡಕವಂತೂ ಇರಲೇಬೇಕು.

ತೆಗೆದ ತುಂಡುಗಳನ್ನು ಎಣಿಸಿ: ಕಾಲಿನ ಬಟನ್‌ನ ಒಂದು ಬದಿಗೆ ಎರಡು. ಒಂದು ಕಡಿಮೆಯಾದರೆ ನೆಲದ ಮೇಲೆ ಆಯಸ್ಕಾಂತ ಓಡಿಸಿ. ಹಿತ್ತಾಳೆಯದ್ದಾದರೆ ಅದಕ್ಕೆ ಸಿಗುವುದಿಲ್ಲ, ಪೊರಕೆ ಹಿಡಿದು ಗುಡಿಸಬೇಕು. ತೆಗೆದ ಕ್ಯಾಪ್ ಹೊಸದರಂತೆ ಕಂಡರೂ ಮತ್ತೆ ಬಳಸಬೇಡಿ. ಒಮ್ಮೆ ಅರಳಿದ ಕಾಲು ಎರಡನೆಯ ಸಲ ಅರಳುವಾಗ ಸೀಳುತ್ತದೆ.